ಕಲ್ಲಿನೊಳಗಿನ ಕಳ್ಳ

ನಮ್ಮೂರಿನ ಅಗಸಿಬಾಗಿಲಿನ ಬಲಕ್ಕೆ ಒಂದು ವೀರಗಲ್ಲು ಇದೆ. ಎದೆಮಟ್ಟದ ಕಪ್ಪು ಕಲ್ಲು. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆದರೆ ಊರಿಗಿಂತ ಮೊದಲು ಕಾಣುವುದು ಅದೇ. ಅದರ ಕೆಳಗಿನ ಸಾಲಿನಲ್ಲಿ ಆಕಳುಗಳಿವೆ. ಆಕಳುಗಳ ಮುಂದೆ ಬಿಲ್ಲು ಎಳೆದು ನಿಂತ ಒಬ್ಬ, ಅವನ ಕಾಲ ಬಳಿ ಬಿದ್ದ ಇನ್ನೊಬ್ಬ, ಅಂಚಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಕುದುರೆ ಸವಾರರು. ನಿಂತವನು ಗೌಡರ ಮನೆತನದವನು, ಬಿದ್ದವನು ನಮ್ಮ ಮನೆತನದವನು. ನಿಂತವನು ದನ ಕಾಯ್ದ, ಬಿದ್ದವನು ದನ ಕದ್ದ. ಇದನ್ನು ಯಾರು ಹೇಳಿದರು ಎಂದು ಕೇಳಬೇಡಿ. ಊರು ಹೇಳುತ್ತಿತ್ತು. ಕಲ್ಲಿನ ಮೇಲೆ ಕೆತ್ತಿದ್ದ ಅಕ್ಷರಗಳು ಯಾವಾಗಲೋ ಒಡೆದು ಹೋಗಿದ್ದವು. ಹಾಗಾಗಿ ಯಾರಿಗೆ ಹೊಲ ಹೆಚ್ಚೋ ಅವರ ಮುತ್ತಜ್ಜನೇ ವೀರನಾಗಲು ಅಡ್ಡಿಯೇನೂ ಇರಲಿಲ್ಲ.

ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಅಗಸಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿ, ಓಡುವ ಎತ್ತುಗಳಿಂದ ಅದನ್ನು ಹರಿಸಿ ಕರಿ ಹರಿಯುವುದು ನಮ್ಮ ಸೀಮೆಯ ಎಲ್ಲ ಊರುಗಳಲ್ಲೂ ಉಂಟು. ನಮ್ಮೂರಿನಲ್ಲಿ ಅದಕ್ಕೂ ಮೊದಲು ಒಂದು ಕೆಲಸ ಇತ್ತು. ನಮ್ಮ ಮನೆಯ ಹಿರಿಯನು ತಲೆಯ ರುಮಾಲು ತೆಗೆದು ಕಲ್ಲಿನ ಮುಂದೆ ಇಟ್ಟು, ಬರಿದಲೆಯಲ್ಲಿ ಒಂದು ಹಗ್ಗವನ್ನು ಗೌಡರ ಕೈಗೆ ಕೊಟ್ಟು, "ನಿಮ್ಮ ದನ ನಿಮಗ ರೀ" ಅನ್ನಬೇಕು. ಆಗ ಊರೆಲ್ಲ "ಕಳ್ಳ ಸಿಕ್ಕ, ಕಳ್ಳ ಸಿಕ್ಕ" ಎಂದು ಕೂಗಿ ನಗಬೇಕು. ಅದಾದ ಮೇಲೆಯೇ ಎತ್ತು ಓಡುವುದು. ನನ್ನ ಅಜ್ಜ ಹಾಗೆ ನಿಂತ, ಅವನು ಸತ್ತ ಮೇಲೆ ನನ್ನಪ್ಪ ಅಜ್ಜಪ್ಪ ನಿಂತ.

"ಒಂದ ದಿನದ ತಮಾಷೆ ಅಲ್ಲೇನೋ ಅಜ್ಜಪ್ಪ, ಯಾಕ ಮಾರಿ ಗಂಟ ಹಾಕ್ಕೋತಿ?" ಎಂದು ಕರಬಸಪ್ಪ ಗೌಡರು ಬೆನ್ನು ತಟ್ಟುತ್ತಿದ್ದರು.

ಒಂದು ದಿನದ ತಮಾಷೆಯಂತೆ! ಉಳಿದ ದಿನಗಳದ್ದು ನನಗೆ ಗೊತ್ತು. ಯಾರದಾದರೂ ಕೋಳಿ ತಪ್ಪಿಸಿಕೊಂಡರೆ ಮೊದಲು ನಮ್ಮ ಹಿತ್ತಲಿಗೆ ಬರುತ್ತಿದ್ದರು. ಕೊಡಪಾನ ಕಾಣದಿದ್ದರೆ ನಮ್ಮ ಒಲೆಯ ತನಕ ಬಂದು ಕಣ್ಣಾಡಿಸಿ, "ಹಂಗ ಮಾತಾಡ್ಸಾಕ ಬಂದಿದ್ನಿ ಗದಿಗೆವ್ವ" ಎಂದು ಅವ್ವನಿಗೆ ಹೇಳಿ ಹೋಗುತ್ತಿದ್ದರು. ಅಣ್ಣ ಮೈಲಾರೆಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಹಿಡಿದಿದ್ದ. ಅಂಗಡಿಯಲ್ಲಿ ಒಂದು ಚೀಲ ಕಡಿಮೆ ಬಿದ್ದ ದಿನ, ಕಾಯಿ ಮಾರಲು ಬಂದಿದ್ದ ನಮ್ಮೂರವನೊಬ್ಬ ಸಾಹುಕಾರನ ಕಿವಿಯಲ್ಲಿ, "ಅವರು ಕಳ್ಳರ ಮನಿಯವರ ರೀ" ಎಂದ. ಅಣ್ಣನ ಕೆಲಸ ಹೋಯಿತು. ಚೀಲ ಸಂಜೆಗೆ ಇನ್ನೊಂದು ರಾಶಿಯಲ್ಲಿ ಸಿಕ್ಕಿತು. ಕೆಲಸ ಮಾತ್ರ ತಿರುಗಿ ಸಿಗಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಮ್ಮಪ್ಪ ಏನೂ ಕದಿಯದೆಯೇ ಜೀವಮಾನವಿಡೀ ಹೆಗಲು ಮುಟ್ಟಿಕೊಂಡ ಮನುಷ್ಯ. ಯಾರ ಮನೆಗೂ ಒಬ್ಬನೇ ಹೋಗುತ್ತಿರಲಿಲ್ಲ. ಹೋದರೂ ಎರಡೂ ಕೈ ಕಾಣುವ ಹಾಗೆ ಕೂರುತ್ತಿದ್ದ. ಬಡವನ ಸಿಟ್ಟು ದವಡೆಗೆ ಮೂಲ ಎಂದು ತಿಳಿದವನು, ಸಿಟ್ಟನ್ನು ಮನೆಗೆ ತಂದು ಅವ್ವನ ಮೇಲೆ ತೀರಿಸುತ್ತಿದ್ದ.

ನಮ್ಮ ಹಿತ್ತಲಿಗೆ ಹುಡುಕಲು ಬಾರದ ಮನೆ ಒಂದೇ ಇತ್ತು. ಗೋಡೆಗೆ ಗೋಡೆ ಹತ್ತಿದ ಬುಡನಸಾಬನ ಮನೆ. ಅವನಿಗೂ ನಮ್ಮಷ್ಟೇ ಹೊಲ. ಮೆಣಸಿನಕಾಯಿ ಹಾಕುತ್ತಿದ್ದ. ಅವನ ಹೆಂಡತಿ ಕುಲ್ಸುಮಬಿ ಮತ್ತು ನಮ್ಮವ್ವ ಗೋಡೆಯ ಎರಡು ಬದಿಗೆ ನಿಂತು ಅರ್ಧ ದಿನ ಮಾತಾಡುತ್ತಿದ್ದರು. ತನ್ನ ಕೋಳಿ ಕಳೆದಾಗಲೂ ಕುಲ್ಸುಮಬಿ, "ಬೆಕ್ಕ ತಿಂದಿರಬೇಕ ಬಿಡವಾ" ಎಂದಳೇ ಹೊರತು ನಮ್ಮ ಬುಟ್ಟಿ ಎತ್ತಿ ನೋಡಲಿಲ್ಲ.

ಮನೆಯ ಮಗಳು ನಾನು, ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಕಾಲೇಜಿಗೆ ಹೋಗತೊಡಗಿದೆ. ಅಲ್ಲಿ ಇತಿಹಾಸ ಕಲಿಸುತ್ತಿದ್ದವರು ಮಹಮ್ಮದ್ ಹನೀಫ್ ಸರ್. ಗಳಗನಾಥದ ಕಡೆಯವರು. ಚಿಕ್ಕಂದಿನಲ್ಲಿ ಹೊಳೆದಂಡೆಯ ಹಳೆಯ ಗುಡಿಯ ಸುತ್ತ ಆಡಿ ಬೆಳೆದವರಾದ್ದರಿಂದ ಕಲ್ಲು ಕಂಡಲ್ಲಿ ನಿಲ್ಲುವ ಚಟ ಅವರಿಗೆ. ಒಂದು ದಿನ ವೀರಗಲ್ಲಿನ ಪಾಠ ಮಾಡುವಾಗ ನಾನು ಎದ್ದು ನಿಂತು, "ನಮ್ಮೂರಾಗೂ ಒಂದ ಐತ್ರಿ ಸರ. ಅದರಾಗಿನ ಕಳ್ಳ ನಮ್ಮ ಮನಿಯಾಂವ" ಎಂದೆ. ಹುಡುಗರು ನಕ್ಕರು. ಸರ್ ನಗಲಿಲ್ಲ.

"ವೀರಗಲ್ಲಿನ್ಯಾಗ ಕಳ್ಳನ ಹೆಸರ ಯಾರ ಇಟಕೊಂಡ ಕುಂತಿರ್ತಾರ? ನಾ ಒಮ್ಮಿ ನೋಡ್ತೇನಿ" ಎಂದರು.

೧೯೯೨ರ ಬೇಸಿಗೆಯಲ್ಲಿ ಬಂದರು. ಗೌಡರಿಗೆ ಹಿಗ್ಗೋ ಹಿಗ್ಗು. ಕಾಲೇಜಿನ ಸರ್ ತಮ್ಮ ಮುತ್ತಜ್ಜನನ್ನು ನೋಡಲು ಬಂದಿದ್ದಾರೆ! ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಸರ್ ಕುರ್ಚಿಯಲ್ಲಿ ಕೂರಲೇ ಇಲ್ಲ. ವರ್ಷ ವರ್ಷ ಎಣ್ಣೆ ಸುರಿದು, ಅರಿಶಿನ ಮೆತ್ತಿ, ಮೇಲೆ ಸುಣ್ಣ ಬಳಿದು ಕಲ್ಲು ಜಿಡ್ಡುಗಟ್ಟಿತ್ತು. ಬಿಲ್ಲಿನವನ ಮೇಲಿನ ಸಾಲುಗಳಲ್ಲಿ ಏನಿದೆ ಎಂಬುದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಸರ್ ಗೌಡರ ಒಪ್ಪಿಗೆ ಪಡೆದು ಸೀಗೆಪುಡಿ, ತೆಂಗಿನ ನಾರು ತರಿಸಿ, ಅಂಗಿಯ ತೋಳು ಮಡಚಿ ತಿಕ್ಕಲು ಕೂತರು. ಊರು ಸುತ್ತ ನೆರೆಯಿತು. ಅಪ್ಪ ಎಲ್ಲರ ಹಿಂದೆ ನಿಂತಿದ್ದ.

ಕಲ್ಲು ತೊಳೆದಾದ ಮೇಲೆ ಸರ್ ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು ಹೇಳತೊಡಗಿದರು.

"ಇದನ್ನ ಕೆಳಗಿನಿಂದ ಮ್ಯಾಲೆ ನೋಡಬೇಕ್ರಿ. ಕೆಳಗ ಜಗಳ. ನಡುವ, ಸತ್ತಾಂವನ್ನ ಅಪ್ಸರೆಯರು ಸ್ವರ್ಗಕ್ಕ ಕರಕೊಂಡ ಹೊಂಟಾರ. ಮ್ಯಾಲೆ ಅಂವ ಲಿಂಗದ ಮುಂದ ಕುಂತಾನ. ಈಗ ಈ ಬಿದ್ದಾಂವನ್ನ ನೋಡ್ರಿ. ಬಾಣ ಎಲ್ಲಿ ನಟ್ಟೈತಿ?"

"ಎದಿಯಾಗ" ಎಂದರು ಯಾರೋ.

"ಮಾರಿ ಯಾವ ಕಡೆ ಐತಿ?"

"ಕುದುರಿ ಮ್ಯಾಲೆ ಬರಾಕತ್ತಾರಲ್ಲ, ಅವರ ಕಡೆ."

"ಆಕಳ ಎಲ್ಲಿ ಅದಾವು?"

"ಬೆನ್ನ ಹಿಂದ."

"ದನ ಹೊಡಕೊಂಡ ಓಡಾಂವಗ ಬಾಣ ಬೆನ್ನಿಗೆ ಬೀಳತೈತಿ. ಇಂವ ದನ ಹಿಂದ ಹಾಕ್ಕೊಂಡ ಎದಿ ಕೊಟ್ಟಾನ. ತಲಿ ಮ್ಯಾಲಿನ ತುರುಬ ನೋಡ್ರಿ. ಬಿಲ್ಲಿನಾಂವಗ ಹೆಂಗ ಐತೋ ಇಂವಗೂ ಹಂಗ ಐತಿ. ಇಬ್ಬರೂ ಒಂದ ಕಡೆಯವರು." ನಂತರ ಈಗಷ್ಟೇ ಸುಣ್ಣ ಬಿಟ್ಟ ನಡುಸಾಲಿಗೆ ಬೆರಳು ಒಯ್ದರು. "ಇಲ್ಲಿ ಅಪ್ಸರೆಯರ ನಡುವ ಎಷ್ಟ ಮಂದಿ ಕುಂತಾರ?"

ಎಲ್ಲರೂ ಬಗ್ಗಿದರು. ಒಬ್ಬ ದೊಡ್ಡವನು ಕೂತಿದ್ದ. ಅವನ ತೊಡೆಗೆ ತೊಡೆ ತಾಗಿ ಇನ್ನೊಬ್ಬ ಸಣ್ಣವನು ಕೂತಿದ್ದ. ಅದೇ ತುರುಬು.

"ಕಳ್ಳನ್ನ ಯಾರರ ಸ್ವರ್ಗಕ್ಕ ಕರಕೊಂಡ ಹೊಕ್ಕಾರೇನ್ರೀ?" ಎಂದರು ಸರ್.

ಅಪ್ಪ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದ. ಅವನು ಹಾಗೆ ಮಂದಿಯನ್ನು ಸರಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಸಣ್ಣವನ ತಲೆಯ ಮೇಲೆ ಬೆರಳಿಟ್ಟು, "ಇಂವ ನಮ್ಮಾಂವನ ಹೌದಲ್ರೀ ಸರ?" ಎಂದು ಕೇಳಿದ.

"ಅದನ್ನ ಕಲ್ಲ ಹೇಳೂದಿಲ್ರಿ ಅಜ್ಜಪ್ಪನವರ. ಇಂವ ಯಾರ ಮನಿಯಾಂವೋ, ಬಿಲ್ಲಿನಾಂವ ಯಾರ ಮನಿಯಾಂವೋ ಯಾರಿಗೂ ಗೊತ್ತಿಲ್ಲ. ಆದ್ರ ಕಳ್ಳ ಅಲ್ಲ, ಇಷ್ಟ ಖರೆ."

ಅಪ್ಪನಿಗೆ ಕಡೆಯ ಮಾತೊಂದೇ ಕೇಳಿಸಿತು. ಅವನು ಅಲ್ಲೇ ಅತ್ತ. ನನಗೂ ಅಳು ಬಂತು. ಸುಳ್ಳು ಯಾಕೆ ಹೇಳಲಿ, ಆ ದಿನ ನಾನು ಊರಿನಲ್ಲಿ ತಲೆ ಎತ್ತಿಕೊಂಡು ನಡೆದೆ.

ಗೌಡರ ಮುಖ ಮಾತ್ರ ಸಣ್ಣದಾಗಿತ್ತು. ತಮ್ಮ ಮುತ್ತಜ್ಜ ಸ್ವರ್ಗಕ್ಕೆ ಹೋಗುವಾಗ ನಮ್ಮವನ ತೊಡೆಗೆ ತೊಡೆ ಹಚ್ಚಿ ಕೂತದ್ದು ಅವರಿಗೆ ರುಚಿಸಲಿಲ್ಲ. ಆದರೂ ಸರ್ ಮುಂದೆ ಏನೂ ಅನ್ನುವ ಹಾಗಿರಲಿಲ್ಲ.

"ಹಂಗಾರ ಕಳ್ಳ ಯಾರ್ರೀ ಸರ?" ಎಂದರು.

ಸರ್ ಅಂಚಿನ ಕುದುರೆ ಸವಾರನನ್ನು ತೋರಿಸಿದರು. "ದನ ಹೊಡೀಲಿಕ್ಕೆ ಬಂದವರು ಇವರು. ಮುಂದಿನಾಂವ ಅವರ ನಾಯಕ. ಕೈಯಾಗ ಕತ್ತಿ ಐತಿ, ಗಡ್ಡ ಐತಿ, ಕಿವಿಯಾಗ ವಾಲಿ ಅದಾವು. ಯಾವ ಊರಾಂವೋ ಏನೋ."

ಊರು ಒಪ್ಪಿತು. ಕಲಿತವರ ಮಾತು ಎಂದು ಒಪ್ಪಿತು. ಹನೀಫ್ ಸರ್ ಯಾವ ಜಾತಿ, ಯಾವ ಮತ ಎಂದು ಆ ದಿನ ಯಾರ ಬಾಯಿಂದಲೂ ಬರಲಿಲ್ಲ. ಗೌಡರ ಮನೆಯಲ್ಲಿಯೇ ಊಟ ಮಾಡಿ ಹೋದರು.

ಆ ವರ್ಷದ ಕಾರಹುಣ್ಣಿಮೆಗೆ ಅಪ್ಪ ಹೊಸ ರುಮಾಲು ಸುತ್ತಿ ಎಲ್ಲರ ನಡುವೆ ನಿಂತ. ಹಗ್ಗ ಕೊಡಲು ಯಾರೂ ಬರಲಿಲ್ಲ. ಎತ್ತು ಓಡಿದವು, ಕರಿ ಹರಿದವು, ಮುಗಿಯಿತು. ಮಂದಿ ಮನೆಗೆ ಹೋಗುತ್ತ, "ಯಾಕೋ ಈ ವರ್ಷ ಮಜಾ ಬರಲಿಲ್ಲೋ ಮಾರಾಯ" ಎಂದು ಮಾತಾಡಿಕೊಂಡರು. ನಾನು ಕಿವಿಯಾರೆ ಕೇಳಿದೆ. ಅವರಿಗೆ ಏನು ಕಡಿಮೆಯಾಗಿದೆ ಎಂದು ಅವರಿಗೇ ಬಾಯಿಬಿಟ್ಟು ಹೇಳಲು ಆಗುತ್ತಿರಲಿಲ್ಲ. ಗೌಡರ ಪಂಪಿನ ವಾಲ್ವು ಕಳುವಾದಾಗಂತೂ ಇಡೀ ಊರು ದಿಕ್ಕು ತಪ್ಪಿದ ಹಾಗಾಯಿತು. ಕಳುವಾದರೆ ಯಾರ ಮನೆಗೆ ಹೋಗಬೇಕು ಎಂದು ತಲೆತಲಾಂತರದಿಂದ ಗೊತ್ತಿದ್ದ ಊರಿಗೆ ಈಗ ಹೋಗಲು ಮನೆಯೇ ಇರಲಿಲ್ಲ.

ಆಮೇಲೆ ಡಿಸೆಂಬರ್ ಬಂತು. ದೂರದ ಊರಿನಲ್ಲಿ ಮಸೀದಿ ಕೆಡವಿದ ಸುದ್ದಿ ಪೇಪರಿನಲ್ಲಿ ಬಂತು, ರೇಡಿಯೋದಲ್ಲಿ ಬಂತು, ಹಾವೇರಿಯಿಂದ ಭಾಷಣದ ಕ್ಯಾಸೆಟ್ಟುಗಳೂ ಬಂದವು. ಅಗಸಿಯ ಬಳಿ ಸೈಕಲ್ ಅಂಗಡಿ ಇಟ್ಟಿದ್ದ ಡಾಕಪ್ಪ ಅವನ್ನು ದಿನಾ ಹಚ್ಚುತ್ತಿದ್ದ. ಕಲ್ಲು ಅವನ ಅಂಗಡಿಯ ಎದುರಿಗೇ ಇತ್ತು. ಪಂಕ್ಚರು ತಿದ್ದುತ್ತ ಅದನ್ನೇ ನೋಡುತ್ತಿದ್ದವನು ಒಂದು ದಿನ ಗೌಡರನ್ನು ಕರೆದು ತೋರಿಸಿದ.

"ಗೌಡ್ರ, ಕಳ್ಳಗ ಗಡ್ಡ ಐತಿ ಅಂತ ಸರ ಹೇಳಿದ್ರಲ್ಲ. ಕುದುರಿ ಮ್ಯಾಲೆ ಬಂದಾನ. ಗಡ್ಡ ಬಿಟ್ಕೊಂಡ ಕುದುರಿ ಮ್ಯಾಲೆ ಬರಾವರು ಯಾರಿದ್ರು ಹೇಳ್ರಿ ನೋಡೋಣು?"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ. ವಾರದೊಳಗೆ ಊರಿಗೆಲ್ಲ ಕಳ್ಳ ಯಾರೆಂದು ತಿಳಿದುಬಿಟ್ಟಿತು. ಊರಿನಲ್ಲಿ ಇದ್ದದ್ದೇ ಒಂದು ಸಾಬರ ಮನೆ. ಪಾಪ, ಬುಡನಸಾಬನಿಗೆ ಗಡ್ಡವೇ ಇರಲಿಲ್ಲ. ಪ್ರತಿ ಶುಕ್ರವಾರ ಬ್ಯಾಡಗಿಗೆ ನಮಾಜಿಗೆ ಹೋಗುವ ಮುಂಚೆ ನುಣ್ಣಗೆ ಕೆರೆಸಿಕೊಳ್ಳುತ್ತಿದ್ದ. ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಗೌಡರ ಆಳುಗಳು ವಾಲ್ವು ಹುಡುಕಲು ಅವನ ಹಿತ್ತಲಿಗೆ ಹೋದದ್ದನ್ನು ನಾವು ಗೋಡೆಯ ಈಚೆಯಿಂದ ನೋಡಿದೆವು. ಕುಲ್ಸುಮಬಿ ಬುಟ್ಟಿಗಳನ್ನು ತಾನೇ ಒಂದೊಂದಾಗಿ ಎತ್ತಿ ತೋರಿಸಿದಳು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

೧೯೯೩ರ ಕಾರಹುಣ್ಣಿಮೆ ಹತ್ತಿರ ಬಂದಾಗ ಗೌಡರು ಬುಡನಸಾಬನಿಗೆ ಹೇಳಿ ಕಳಿಸಿದರು. ಟೊಪ್ಪಿಗೆ ತೆಗೆದು ಹಗ್ಗ ಕೊಡಬೇಕು. ಒಂದು ದಿನದ ತಮಾಷೆ. ನನಗೆ ತಡೆಯಲಾಗಲಿಲ್ಲ. ರಾಣೆಬೆನ್ನೂರಿಗೆ ಹೋಗಿ ಹನೀಫ್ ಸರ್ ಮುಂದೆ ನಿಂತು, "ಸರ, ನೀವ ಬರಬೇಕು. ನೀವು ಹೇಳಿದ್ರ ಕೇಳ್ತಾರ" ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತ, "ಕೇಳತಾರಂತೀ?" ಎಂದರು. ಆದರೂ ಬಂದರು.

ಈ ಸಲ ಕುರ್ಚಿ ಹಾಕಲಿಲ್ಲ. ಎತ್ತುಗಳು ಬಣ್ಣ ಬಳಿದುಕೊಂಡು ಸಾಲಾಗಿ ನಿಂತಿದ್ದವು. ಬುಡನಸಾಬ ತೊಳೆದ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಹಾಕಿಕೊಂಡು ಕಲ್ಲಿನಿಂದ ಸ್ವಲ್ಪ ದೂರದಲ್ಲಿ ನಿಂತಿದ್ದ. ಬರದಿದ್ದರೆ ನಾಳೆ ಇನ್ನೇನಾಗುತ್ತದೋ ಎಂಬ ಹೆದರಿಕೆಗೇ ಬಂದಿದ್ದ. ಸರ್ ನೇರ ಕಲ್ಲಿನ ಬಳಿ ಹೋದರು.

"ಇಲ್ಲಿ ನೋಡ್ರಿ. ಈ ಸವಾರನ ಕಿವಿಯಾಗ ವಾಲಿ ಅದಾವು. ನಾ ಹೋದ ವರ್ಷಾನೂ ಹೇಳೀನಿ. ಸಾಬರ ಗಂಡಸರು ಕಿವಿ ಚುಚ್ಚಿಸ್ಕೊಳ್ಳೂದಿಲ್ರಿ. ಈ ಬಿಲ್ಲಿನಾಂವನ ಗದ್ದ ಮುಟ್ಟಿ ನೋಡ್ರಿ. ಇಂವಗೂ ಗಡ್ಡ ಐತಿ. ನೀವು ಎಣ್ಣಿ ಹಚ್ಚಿ ಹಚ್ಚಿ ಸವದೈತಿ, ಬೆರಳಿಗೆ ಹತ್ತತೈತಿ. ಆವಾಗಿನ ಕಾಲಕ್ಕ ಕತ್ತಿ ಹಿಡದಾವರೆಲ್ಲ ಗಡ್ಡ ಬಿಡ್ತಿದ್ರು. ಇದು ಒಂಬೈನೂರ ವರ್ಷದ ಹಿಂದಿನ ಕಲ್ಲ. ಆವಾಗ ಈ ಸೀಮಿಯಾಗ ದನ ಹೊಡದಾವರೂ ದನ ಕಾಯ್ದಾವರೂ ಒಂದ ದೇವರಿಗೆ ಕೈ ಮುಗೀತಿದ್ರು."

ಯಾರೂ ಗದ್ದ ಮುಟ್ಟಲು ಮುಂದೆ ಬರಲಿಲ್ಲ. ನಾನು ಮುಟ್ಟಿದೆ. ಗೆರೆಗೆರೆಯಾಗಿ ಬೆರಳಿಗೆ ಹತ್ತಿತು. "ಐತ್ರೀ, ಖರೇನ ಐತಿ" ಎಂದೆ. ನನ್ನ ಮಾತು ಯಾರಿಗೆ ಬೇಕಿತ್ತು?

ಡಾಕಪ್ಪ ಸೊಂಟದ ಮೇಲೆ ಕೈ ಇಟ್ಟುಕೊಂಡು ಮುಂದೆ ಬಂದ. "ಹೋದ ವರ್ಷ ಗಡ್ಡ ತೋರಿಸಿದಾವರು ನೀವ. ಈಗ ನಿಮ್ಮ ಮಂದಿ ಮ್ಯಾಲೆ ಬಂದ ಕೂಡ್ಲೆ ಕಿವ್ಯಾಗಿನ ವಾಲಿ ಕಾಣಾಕತ್ತಾವೇನ್ರೀ ಸರ?"

ಮಂದಿ ನಕ್ಕಿತು. ಅದೇ ಕಲ್ಲು, ಅದೇ ಬೆರಳು, ಅದೇ ಮನುಷ್ಯ. ಹಿಂದಿನ ಸಲ ಅವರು ಕಾಲೇಜಿನ ಸರ್ ಆಗಿದ್ದರು. ಈ ಸಲ ಊರಿಗೆ ಬಂದದ್ದು ಒಬ್ಬ ಸಾಬ. ನನಗೆ ಆ ಡಾಕಪ್ಪನ ಕಪಾಳಕ್ಕೆ ಬಿಗಿಯಬೇಕು ಎನಿಸಿತು. ಕೈ ಎತ್ತಲಿಲ್ಲ, ಹೆಣ್ಣುಹುಡುಗಿ ಕೈ ಎತ್ತಿದರೆ ಅದೂ ಒಂದು ತಮಾಷೆಯೇ ಆಗುತ್ತಿತ್ತು.

ಸರ್ ಗುಂಪಿನಲ್ಲಿ ಹುಡುಕಿ ನನ್ನಪ್ಪನ ಕಡೆ ತಿರುಗಿದರು. "ಅಜ್ಜಪ್ಪನವರ, ನೀವರ ಹೇಳ್ರಿ. ಇಲ್ಲಿ ನಿಂತಾಂವಗ ಹೆಂಗ ಆಗತೈತಿ ಅನ್ನೂದು ನಿಮಗೊಬ್ರಿಗೆ ಗೊತ್ತೈತಿ. ನೀವು ಹೇಳಿದ್ರ ಊರ ಕೇಳತೈತಿ."

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ರುಮಾಲಿನ ಅಂಚನ್ನು ಕೈಯಿಂದ ಮುಟ್ಟಿ ನೋಡಿಕೊಂಡ. ಬುಡನಸಾಬನೂ ಅವನನ್ನೇ ನೋಡುತ್ತಿದ್ದ. ನಾನು ಮನಸ್ಸಿನಲ್ಲಿಯೇ ಹೇಳು ಯಪ್ಪಾ, ಹೇಳು ಎಂದು ಹಲ್ಲು ಕಚ್ಚಿದೆ.

"ಯಾರರ ಒಬ್ಬರು ಇರಬೇಕಲ್ರೀ ಸರ" ಎಂದ ಅಪ್ಪ. "ಕಳ್ಳ ಇಲ್ದ ಕರಿ ಹರಿಯೂದು ಹೆಂಗ?"

ಅಷ್ಟೇ. ಬುಡನಸಾಬ ಮುಂದೆ ಬಂದ. ಟೊಪ್ಪಿಗೆ ತೆಗೆದು ಮಡಚಿ ಕಲ್ಲಿನ ಮುಂದೆ ಇಟ್ಟ. ತಲೆಯ ನಡುವೆ ಕೂದಲು ಉದುರಿದ್ದನ್ನು ನಾನು ಅಂದೇ ನೋಡಿದ್ದು. ಹಗ್ಗವನ್ನು ಗೌಡರ ಕೈಗೆ ಕೊಟ್ಟು ಏನೋ ಅಂದ, ದನಿ ಹೊರಡಲಿಲ್ಲ. "ಜೋರಾಗಿ ಅನ್ನಪಾ" ಎಂದರು ಗೌಡರು. ಇನ್ನೊಮ್ಮೆ ಅಂದ. "ಕಳ್ಳ ಸಿಕ್ಕ!" ಎಂದು ಊರು ಎದ್ದು ಕೂಗಿತು. ಅಷ್ಟು ಮಂದಿಯ ಗದ್ದಲದಲ್ಲೂ ನನ್ನಪ್ಪನ ದನಿ ನನಗೆ ಬೇರೆಯಾಗಿ ಕೇಳಿಸಿತು. ಹೆತ್ತ ತಂದೆಯ ದನಿ, ಹೇಗೆ ಗುರುತು ಸಿಗದೆ ಇರುತ್ತದೆ? ಎತ್ತುಗಳನ್ನು ಬಿಟ್ಟರು. ಎಲ್ಲರಿಗೂ ಮಜಾ ಬಂತು.

ಹನೀಫ್ ಸರ್ ಅಷ್ಟರಲ್ಲಿ ಬಸ್ಸಿನ ದಾರಿ ಹಿಡಿದಿದ್ದರು. ನಾನು ಹಿಂದೆ ಓಡಿದೆ. "ಸರ, ತಪ್ಪ ತಿಳ್ಕೋಬ್ಯಾಡ್ರಿ" ಎಂದೆ. "ನಿಂದೇನ ತಪ್ಪವಾ" ಎಂದು ನಡೆದರು. ನಾನು ಅಗಸಿಯ ಕಡೆ ಹೋಗದೆ ಹೊಲದ ದಾರಿಯಿಂದ ಸುತ್ತಿ ಮನೆಗೆ ಬಂದೆ.

ಮಧ್ಯಾಹ್ನ ಅಪ್ಪ ಹೋಳಿಗೆಯ ಊಟಕ್ಕೆ ಕೂತಿದ್ದ. ಅವ್ವ ಬಡಿಸುತ್ತಿದ್ದಳು. ಗೋಡೆಯ ಆಚೆ ಸಪ್ಪಳವೇ ಇರಲಿಲ್ಲ.

"ಯಪ್ಪಾ, ಬುಡನಸಾಬ ಕಾಕಾ ಕಳ್ಳ ಏನು?" ಎಂದೆ.

"ಅಲ್ಲ" ಎಂದ ಅಪ್ಪ, ತಲೆ ಎತ್ತದೆ.

"ಗೊತ್ತಿದ್ದೂ ಕೂಗಿದಿ?"

"ನಾನೂ ಕಳ್ಳ ಆಗಿರ್ಲಿಲ್ಲ. ಆವಾಗ ಯಾರ ಕೇಳಿದ್ರು?"

"ಅವರ ಮನಿಯವರು ಒಂದ ದಿನ ನಮ್ಮ ಹಿತ್ತಲಕ್ಕ ಹುಡುಕಾಕ ಬಂದಾರೇನ? ಅಷ್ಟರ ನೆನಸಬಾರದ?"

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿ ಇಟ್ಟ. ಆಗ ಅವನು ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಹಿತ್ತಲಕ್ಕ ಬಂದಿಲ್ಲವಾ. ಆದ್ರ ಬುಡನಸಾಬ ಕಲ್ಲಿನ ಮುಂದ ಬರ್ತಿದ್ದ. ಪ್ರತಿ ವರ್ಷ ಬರ್ತಿದ್ದ. ನನ್ನ ಎದುರಿಗೇ ನಿಂದರತಿದ್ದ. ನಾ ಹಗ್ಗ ಕೊಟ್ಟ ಕೂಡ್ಲೆ ಎಲ್ಲಾರ ಕೂಡ ಅಂವನೂ ಕೂಗತಿದ್ದ, ನಗತಿದ್ದ. ನೀ ನೋಡಿಲ್ಲೇನ?"

ನಾನು ನೆನಪು ಮಾಡಿಕೊಂಡೆ. ಅಪ್ಪನ ಬರಿದಲೆ, ಅದರ ಸುತ್ತ ಅಷ್ಟೂ ಮುಖಗಳು. ಒಂದೊಂದೇ ಮುಖ ನೋಡುತ್ತ ಬಂದೆ. ಖರೆ. ನಗುತ್ತಿದ್ದ. ಬಾಯಿ ತುಂಬ ನಗುತ್ತಿದ್ದ.

ಅಪ್ಪ ಇನ್ನೊಂದು ಹೋಳಿಗೆ ಕೇಳಿದ. ಅವ್ವ ಹಾಕಿದಳು, ತುಪ್ಪವನ್ನೂ ಹಾಕಿದಳು.